ಎರಡು ಕಟ್ಟು, ಮೂರು ಕಟ್ಟು

ಚಾಮರಾಜನಗರ
12-8-2004

ಸುಧಾಮಣಿ ಮೇಡಂಗೆ, ನಿಮ್ಮ ಗುಂಡ್ಲುಪೇಟೆ ಹೈಸ್ಕೂಲಿನ ನಿಖತ್ ಮಾಡುವ ನಮಸ್ಕಾರ.

ಯಾವ ಸಂಖ್ಯೇನ ಯಾರೇ ಒಡೆದರೂ ಕೊನೆಗೆ ಅವೇ ಅವಿಭಾಜ್ಯಗಳು ಸಿಗ್ತವೆ ಅಂತ ಹತ್ತನೇ ಕ್ಲಾಸಲ್ಲಿ ಹೇಳಿದ್ರಿ. ನಮ್ಮ ಅತ್ತೆ ಮನೆ ಬಳೆ ಅಂಗಡೀಲಿ ಹಾಗಾಗಲಿಲ್ಲ.

ಉಳಿಕೆ ಬಳೆಗಳನ್ನ ದಾರಕ್ಕೆ ಪೋಣಿಸಿ ಸರ ಮಾಡಿಟ್ಟಿರ್ತೀವಿ. ಸರ ಬಿಚ್ಚಬಾರದು, ಆದರೆ ಪ್ರತಿ ಕಟ್ಟಲ್ಲೂ ಒಂದೋ ಎರಡೋ, ಪೂರ್ತಿ ಡಜನ್ನೇ ಇರಬೇಕು. ಮೊನ್ನೆ ನಾಲ್ಕು ಬಳೆಯ ಸರ ಮೂರು, ಎಂಟರದ್ದು ಮೂರು ಇದ್ದವು. ಅತ್ತೆ ನಾಲ್ಕರವನ್ನೆಲ್ಲ ಒಂದು, ಎಂಟರವನ್ನೆಲ್ಲ ಒಂದು ಕಟ್ಟು ಮಾಡಿ, ಇದಕ್ಕಿಂತ ಚಿಕ್ಕದಾಗಿ ಒಡೆಯಕ್ಕಾಗಲ್ಲ ಅಂದ್ರು. ನಿಜವೇ. ಆದರೆ ನಾನು ಎರಡೂ ಕಟ್ಟು ಬಿಚ್ಚಿ, ಒಂದೊಂದು ನಾಲ್ಕಕ್ಕೆ ಒಂದೊಂದು ಎಂಟು ಸೇರಿಸಿದೆ. ಮೂರು ಕಟ್ಟಾಯ್ತು!

"ಮೂರನೇದು ಎಲ್ಲಿಂದ ತಂದೆ? ಯಾವ ಪೆಟ್ಟಿಗೆ ಮುಟ್ಟಿದೆ?" ಅಂತ ಅತ್ತೆ ರೇಗಿದ್ರು. ಎರಡು ಸಲ ಎಣಿಸಿದ್ರು, ಮೂವತ್ತಾರೇ. ಇವತ್ತು ತಾವೇ ಹತ್ತು ಸರ ತಂದು ಮುಂದಿಟ್ಟು, "ಇವನ್ನ ಎಷ್ಟು ಥರ ಕಟ್ಟಬಹುದು, ಹೇಳು" ಅಂದ್ರು. ನಂಗೆ ಗೊತ್ತಾಗ್ತಿಲ್ಲ.

ಇದಕ್ಕೊಂದು ಲೆಕ್ಕ ಇದ್ರೆ ಬರೆದು ಕಳಿಸಿ ಮೇಡಂ. ನನ್ನ ಹೆಸರಿಗೆ ಬಂದ ಕಾಗದಾನೆಲ್ಲ ಮೊದಲು ಒಡೆಯೋದು ಅತ್ತೇನೇ. ಈ ಸಲ ಅವರ ಹೆಸರಿಗೇ ಬರೀರಿ: ದಿಲ್ಶಾದ್ ಬೇಗಂ, ಬಳೆ ಅಂಗಡಿ. ಕಾಯ್ತಿದ್ದಾರೆ.

ನಿಮ್ಮ
ನಿಖತ್