ಬಣ್ಣದ ಕೋಣೆಗೆ ಕಿಟಕಿ

ಅಣ್ಣಾ,

ನೀನು ತೀರಿಹೋಗಿ ವರ್ಷವಾಯಿತು. ಇವತ್ತು ಮಾತುಕತೆಗೆ ನಿನ್ನ ಕುರ್ಚಿಯಲ್ಲಿ ಕಾರ್ಮಿಕ ಸಂಘದ ಹೊಸ ಅಧ್ಯಕ್ಷೆ ಕೂತಿದ್ದಳು; ಎದುರಿಗೆ ಮಾಲೀಕರ ಸಂಘದ ಪರವಾಗಿ ಎಂದಿನಂತೆ ನಾನು. ನಮ್ಮ ಕಾರ್ಖಾನೆಯಲ್ಲಿ ನೂಲಿಗೆ ಬಣ್ಣ ಹಾಕುವ ಕೋಣೆಗೆ ಕಿಟಕಿ ಬೇಕೆಂದಳು. ತಕ್ಷಣ ಒಪ್ಪಿಕೊಂಡೆ.

“ಇಷ್ಟು ಬೇಗ ಒಪ್ಕೊಂಡ್ರಾ ಸಾರ್? ಹಳೇ ಅಧ್ಯಕ್ಷರು ಎಂಟು ವರ್ಷ ಕೇಳಿದ್ರೂ ನೀವು ಆಗಲ್ಲ ಅಂದಿದ್ರಂತೆ.”

ನಾನು ಪೆನ್ನಿನ ಮುಚ್ಚಳ ಹುಡುಕುತ್ತಾ ಕೂತೆ.

ಮಧ್ಯಾಹ್ನವೇ ಮೇಸ್ತ್ರಿಯನ್ನು ಕರೆಸಿ ಗೋಡೆ ಒಡೆಸಿದೆ. ಒಳಗಿನ ಹಬೆ ಬಿಸಿಲಿನಲ್ಲಿ ನೀಲಿಯಾಗಿ, ಆಮೇಲೆ ಬೆಳ್ಳಗೆ, ಅವಸರವೇ ಇಲ್ಲದೆ ತೇಲಿಹೋಯಿತು. ಕೆಲಸದವರು ಅಲ್ಲಿಗೇ ಬಂದು ನಿಂತರು, ನಿದ್ದೆಯಲ್ಲಿ ನಡೆದು ಬಂದವರ ಹಾಗೆ. ಹಿರಿಯರೊಬ್ಬರು ಪಕ್ಕಕ್ಕೆ ಸರಿದು, “ನಿಮ್ಮಣ್ಣ ಇದೇ ಗೋಡೆಗೆ ಒರಗಿ ಕೆಮ್ಮೋರು. ಬನ್ನಿ, ಗಾಳಿ ಚೆನ್ನಾಗಿ ಬರ್ತಿದೆ,” ಎಂದರು.

ಅವರು ಬಿಟ್ಟುಕೊಟ್ಟ ಜಾಗದಲ್ಲಿ ನಿಲ್ಲಲು ನನ್ನಿಂದ ಆಗಲಿಲ್ಲ.