ಮೇಲಿನ ಸಾಲು

ಅಪ್ಪ,

ನಿನ್ನ ತಿಥಿ ಮುಗಿದ ಮಾರನೇ ದಿನವೇ ಲಾಟರಿ ಡ್ರಾ ಆಯಿತು. ನೀನು ಕೇರಳದ ಬತ್ತೇರಿಯಿಂದ ತಂದಿದ್ದ ಓಣಂ ಬಂಪರ್ ಟಿಕೆಟ್ಟನ್ನು ದೇವರ ಪಟದ ಹಿಂದಿನಿಂದ ತೆಗೆದೆ. ನೀನು ಇಟ್ಟಿದ್ದ ಕುಂಕುಮ ಬೆರಳಿಗೆ ಅಂಟಿತು.

ಪ್ರತಿ ಸಲ ಡ್ರಾ ಆದಾಗ, ನಾನು ಮಂಡ್ಯದ ಬಸ್ಸಿಗೆ ಹೊರಟು ನಿಂತಾಗಲೇ ನೀನು ಲಾಟರಿ ಟಿಕೆಟ್ಟು ಹಿಡಿದು ನಂಬರು ನೋಡಿಸಲು ಬರುತ್ತಿದ್ದೆ. "ಫಸ್ಟ್ ಪ್ರೈಜು ಮೊದ್ಲೇ ನೋಡ್ಬುಟ್ರೆ ಆಸೆ ಅಲ್ಲೇ ಮುಗ್ದೋಯ್ತದೆ ಕಣ್ ಮಗ, ಕೆಳಗ್ನಿಂದ ನೋಡು" ಅನ್ನುತ್ತಿದ್ದೆ.

ಈ ಸಲ ಮೊಬೈಲಿನಲ್ಲಿ ಕೆಳಗಿನಿಂದಲೇ ನೋಡುತ್ತಾ ಬಂದೆ, ನಿಧಾನವಾಗಿ. ಸಣ್ಣ ಬಹುಮಾನ ಯಾವುದೂ ನಮ್ಮ ನಂಬರಿಗೆ ಬಂದಿಲ್ಲ.

ಒಳಗಿನಿಂದ ಅವ್ವ, "ಏನಾಯ್ತವ್ವ?" ಅಂದಳು.

"ಇನ್ನೂ ನೋಡ್ತಾ ಇವ್ನಿ ಕಣವ್ವ."

ಫಸ್ಟ್ ಪ್ರೈಜಿನ ಮೇಲಿನ ಸಾಲೊಂದು ಉಳಿದಿತ್ತು. ಮೊಬೈಲನ್ನು ಮಗುಚಿಟ್ಟು, ಟಿಕೆಟ್ಟನ್ನು ಮತ್ತೆ ಪಟದ ಹಿಂದೆಯೇ ಸಿಕ್ಕಿಸಿದೆ.