ಕಿಟಕಿಯಾಚೆ ನಿಂತವಳಿಗೂ ಹಾಜರಿ ಕೊಡಿ

ಕೊಯಮತ್ತೂರಿನ ಕಾಲೇಜೊಂದರ ಮಾನ್ಯ ಪ್ರಾಂಶುಪಾಲರೇ,

ನಿಮ್ಮ ಅರ್ಥಶಾಸ್ತ್ರದ ಅಧ್ಯಾಪಕರು ಪಾಠವನ್ನು ಕರಿಹಲಗೆಗೆ ಹೇಳುತ್ತಾರೆ. ಸ್ವಲ್ಪ ಈ ಕಡೆ ತಿರುಗಿ ಎಂದು ಕೇಳಿದ ತಪ್ಪಿಗೆ ನನ್ನ ತಂಗಿಯ ಮಗಳು ಪೆರಿಯನಾಯಕಿಯನ್ನು ತರಗತಿಯಿಂದ ಹೊರಗೆ ಹಾಕಲಾಗಿದೆ. ದೂರು ಇಷ್ಟೇ. ಇದನ್ನು ತಮಿಳಿನಲ್ಲಿ ಬರೆದು ಕಳಿಸಿದೆ, ತಾವು ಉತ್ತರ ಕೊಡಲಿಲ್ಲ. ಮೈಸೂರು ಸೀಮೆಯಲ್ಲಿ ಸೀರೆ ಮಾರುತ್ತಾ ಕನ್ನಡ ಅಕ್ಷರ ಕಲಿತವನು ನಾನು, ಆದ್ದರಿಂದ ಈಗ ನಮ್ಮ ಮನೆಮಾತಾದ ಕನ್ನಡದಲ್ಲಿ, ಬೆಂಗಳೂರಿನ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ. ಅರ್ಥವಾಗದಿದ್ದರೆ ಸಹಿಸಿಕೊಳ್ಳಿ. ನಿಮ್ಮ ವಿದ್ಯಾರ್ಥಿಗಳು ವರ್ಷವಿಡೀ ಇಂಗ್ಲಿಷ್ ಉಪನ್ಯಾಸಗಳನ್ನು ಹೀಗೆಯೇ ಸಹಿಸಿಕೊಳ್ಳುತ್ತಿಲ್ಲವೇ?

ಉಪನ್ಯಾಸದಿಂದ ಪೂರ್ಣ ಪ್ರಯೋಜನ ಪಡೆಯುವುದು ಹೇಗೆಂದು ಕಾಲೇಜು ಶುರುವಾದ ದಿನ ತಾವೇ ಭಾಷಣ ಮಾಡಿದಿರಿ. ಗಮನವಿಟ್ಟು ನೋಡಿ, ಸಂದೇಹ ಬಂದರೆ ಧೈರ್ಯವಾಗಿ ಕೇಳಿ ಎಂದಿರಿ. ಪಾಲಕರ ಸಾಲಿನಲ್ಲಿ ಕುಳಿತು ನಾನೂ ಚಪ್ಪಾಳೆ ತಟ್ಟಿದೆ. ನಮ್ಮ ಹುಡುಗಿಯ ಅಪರಾಧವೆಂದರೆ ಆ ಭಾಷಣವನ್ನು ನಂಬಿದ್ದು.

ನಮ್ಮದು ಸೋಮನೂರು. ಮನೆಗೆ ಅಂಟಿಕೊಂಡೇ ಪವರ್‌ಲೂಮ್ ಶೆಡ್ಡು. ಆ ಗದ್ದಲದಲ್ಲಿ ನಾವು ಕಿವಿಯಿಂದ ಕೇಳುವುದಕ್ಕಿಂತ ಎದುರಿನವರ ತುಟಿ ನೋಡಿ ತಿಳಿಯುವುದೇ ಹೆಚ್ಚು. ತುಟಿ ಕಾಣದಷ್ಟು ದೂರವಿದ್ದರೆ ಕೂಗುತ್ತೇವೆ. ಹೀಗೆ ಬೆಳೆದವಳು, ಫ್ಯಾನು ಕಿರುಗುಟ್ಟುವ ಕೋಣೆಯ ಮೂಲೆ ಬೆಂಚಿನಲ್ಲಿ ಕುಳಿತು, ಅಧ್ಯಾಪಕರ ಬೆನ್ನಿನಿಂದ ಏನು ತಿಳಿದುಕೊಳ್ಳಬೇಕು? ಅವರ ಅಂಗಿಗೆ ಒಳ್ಳೆಯ ಇಸ್ತ್ರಿಯಾಗಿದೆ ಎಂಬುದು ಮನದಟ್ಟಾಗಿತ್ತು. ಬೇಡಿಕೆ, ಪೂರೈಕೆ ಮಾತ್ರ ತಲೆಗೆ ಹೋಗಿರಲಿಲ್ಲ.

ಒಂದು ದಿನ ಅಧ್ಯಾಪಕರು ಹಲಗೆಯನ್ನೇ ನೋಡುತ್ತಾ "ಎನಿ ಡೌಟ್?" ಎಂದರಂತೆ. ಪೆರಿಯನಾಯಕಿ ಎದ್ದು ನಿಂತು, "ಸಾರ್, ಕೊಂಜಂ ತಿರುಂಬಿ ನಿನ್ನು ಸೊಲ್ಲುಂಗ!" ಎಂದಳು. ಸ್ವಲ್ಪ ತಿರುಗಿ ನಿಂತು ಹೇಳಿ ಎಂಬ ವಿನಯದ ಮಾತೇ. ಆದರೆ ಹೊರಟದ್ದು ಶೆಡ್ಡಿನ ದನಿ. ಅಧ್ಯಾಪಕರ ಕೈಯಿಂದ ಸೀಮೆಸುಣ್ಣ ಬಿತ್ತು, ಪಕ್ಕದ ತರಗತಿಯ ಪಾಠ ನಿಂತಿತು. ಪಾಲಕರು ಬಂದು ಕ್ಷಮೆ ಕೇಳುವವರೆಗೆ ಒಳಗೆ ಬರಕೂಡದೆಂದು ಅಪ್ಪಣೆಯಾಯಿತು.

ಕ್ಷಮೆ ಕೇಳಲು ತಂಗಿ ರುಕ್ಮಣಿಯನ್ನೇ ಕರೆತಂದೆ. ಅವಳೂ ಅದೇ ಶೆಡ್ಡಿನವಳೆಂಬುದು ನನಗೆ ಹೊಳೆಯಲಿಲ್ಲ. ಅವಳು ತಮ್ಮೆದುರು ಕೈಮುಗಿದು "ಮನ್ನಿಚ್ಚಿಡುಂಗ ಸಾಮಿ" ಎಂದು ಕ್ಷಮೆ ಕೇಳಿದ ಕೂಡಲೇ, ಯಾರೋ ಜಗಳಕ್ಕೆ ಬಂದಿದ್ದಾರೆಂದು ಜವಾನ ಓಡಿಬಂದ. ಇಡೀ ಕುಟುಂಬವೇ ಹೀಗೆ ಎಂದು ತಾವು ಬಾಗಿಲು ತೋರಿಸಿದಿರಿ. ಬಸ್ ಸ್ಟ್ಯಾಂಡಿನಲ್ಲಿ ರುಕ್ಮಣಿ, "ನಾ ಎಲ್ಲಿ ಕೂಗ್ದೆ ಅಣ್ಣಾ? ಮೆಲ್ಲುಕೆ ತಾನೆ ಮಾತಾಡ್ದೆ?" ಎಂದು ಕೇಳಿದಾಗ ಹೊರಡುತ್ತಿದ್ದ ಬಸ್ಸೊಂದು ನಿಂತೇಬಿಟ್ಟಿತು.

ಈಗ ಹುಡುಗಿ ವರಾಂಡದಲ್ಲಿ, ಕರಿಹಲಗೆಯ ಪಕ್ಕದ ಕಿಟಕಿಯ ಹೊರಗೆ ನಿಲ್ಲುತ್ತಾಳೆ. ಮೋಜೇನೆಂದರೆ, ಇಡೀ ಕಾಲೇಜಿನಲ್ಲಿ ಆ ಅಧ್ಯಾಪಕರ ಮುಖ ಕಾಣುವ ಜಾಗ ಅದೊಂದೇ. "ಮಾಮ, ಈಗ ತಾನ್ ಪಾಠ ನಲ್ಲಾ ಪುರೀತದೆ" ಎನ್ನುತ್ತಾಳೆ. ಪಾಠ ಚೆನ್ನಾಗಿ ಅರ್ಥವಾಗುತ್ತಿರುವುದು ಈಗಲೇ ಅಂತೆ. ಒಳಗೆ ಕುಳಿತವರು ಊಟದ ಹೊತ್ತಿನಲ್ಲಿ ಇವಳ ಹತ್ತಿರ ಬಂದು ಪಾಠ ಹೇಳಿಸಿಕೊಂಡು ಹೋಗುತ್ತಾರೆ. ಒಳಗೆ ತೂಕಡಿಸುವವರಿಗೆ ಹಾಜರಿ, ಹೊರಗೆ ನಿಂತು ಕಲಿಯುವವಳಿಗೆ ಗೈರುಹಾಜರಿ. ಇದು ಯಾವ ಅರ್ಥಶಾಸ್ತ್ರ ಸ್ವಾಮಿ? ಹಾಜರಿ ಸಾಲದಿದ್ದರೆ ಏಪ್ರಿಲ್‌ನಲ್ಲಿ ಪರೀಕ್ಷೆಗೆ ಕೂರಿಸುವುದಿಲ್ಲವಂತೆ. ಈ ವರ್ಷ ಹೋದರೆ ಇನ್ನೊಂದು ವರ್ಷ ಕಳಿಸಲು ಅವಳ ಅಪ್ಪ ಸುತರಾಂ ಒಪ್ಪುವುದಿಲ್ಲ.

ಆದರೆ ನಾನು ಈ ಕಾಗದ ಬರೆಯುತ್ತಿರುವುದು ಅದಕ್ಕಷ್ಟೇ ಅಲ್ಲ. ಹೊರಗೆ ಹಾಕಿದ ದಿನದಿಂದ, ಕರೆಂಟು ಹೋಗಿ ಮಗ್ಗಗಳು ನಿಂತಾಗಲೆಲ್ಲ ಪೆರಿಯನಾಯಕಿ ಗೋಡೆಗೆ ಮುಖಮಾಡಿ, ಮೆಲುದನಿಯಲ್ಲಿ ಪ್ರಶ್ನೆ ಕೇಳುವ ಅಭ್ಯಾಸ ಮಾಡುತ್ತಿದ್ದಳು. ಮೊದಮೊದಲು ಪಡಸಾಲೆಯವರೆಗೂ ಕೇಳುತ್ತಿತ್ತು. ಮೊನ್ನೆ ಪಕ್ಕದಲ್ಲೇ ಕುಳಿತಿದ್ದ ನನಗೂ ಕೇಳಿಸಲಿಲ್ಲ.

"ಏನ್ ಕೇಳ್ದೆ ಕಣ್ಣು?" ಎಂದೆ.

"ಒಂದೂ ಇಲ್ಲೆ ಮಾಮ. ಕೇಳೋದ್ನೇ ಬಿಟ್ಟುಟ್ಟೆ."

ಒಂದೋ ಅಧ್ಯಾಪಕರನ್ನು ಈ ಕಡೆ ತಿರುಗಿಸಿ ಅವಳನ್ನು ಒಳಗೆ ಕರೆಯಿರಿ, ಇಲ್ಲವೇ ಕಿಟಕಿಗೇ ಹಾಜರಿ ಕೊಡಿ. ಯಾವುದಾದರೂ ಸರಿ, ಬರುವ ಸೋಮವಾರವೇ ಆಗಲಿ. ಅವಳು ಮತ್ತೆ ಎದ್ದು ನಿಂತು ಗಟ್ಟಿಯಾಗಿ ಪ್ರಶ್ನೆ ಕೇಳಬೇಕು. ಕಾಲೇಜಿನ ಹೆಂಚು ಹಾರಿಹೋದರೆ ನಾನೇ ಬಂದು ಹೊದಿಸಿಕೊಡುತ್ತೇನೆ.

ಇಂತಿ,
ಕಾಗದದ ಮೇಲೆ ಮಾತ್ರ ಮೆಲ್ಲಗೆ ಮಾತನಾಡಬಲ್ಲ
ದೇವರಾಜನ್
ಸೋಮನೂರು, ಜನವರಿ ೧೯೮೬